ಕವಿತಾಳದ ಕಾಗದ, ಕಲಬುರಗಿಯ ವಕೀಲ

"ರಾಯಚೂರಾಗ ನಮ್ಮ ಕೇಸು ನಡೆಸಿದ ಪಿಪಿ ಸಾಹೇಬ್ರು ಎಲ್ಲಿ ಕುಂದರ್ತಾರ್ರೀ?"

ಕಲಬುರಗಿ ಹೈಕೋರ್ಟ್ ಪೀಠದ ಗೇಟಿನ ಹತ್ತಿರ ಕವಿತಾಳ ಕಡೆಯ ಹೆಣ್ಣುಮಗಳೊಬ್ಬಳು ಕೇಳಿದ್ದು ಇದು. ಕೈಯಲ್ಲಿ ಗೊಬ್ಬರದಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಚಿ ಮಡಚಿ ಅಂಚು ಸವೆದ ತೀರ್ಪಿನ ನಕಲು. ಮಗನನ್ನು ಕೊಂದವರಿಗೆ ರಾಯಚೂರು ಕೋರ್ಟಿನಲ್ಲಿ ಜೀವಾವಧಿ ಆಗಿತ್ತು. ಅವರು ಮೇಲ್ಮನವಿ ಹಾಕಿದ್ದಾರೆಂದು ಯಾರೋ ಹೇಳಿದ್ದಕ್ಕೆ ಮೈದುನನನ್ನು ಕರೆದುಕೊಂಡು ರೈಲು ಹತ್ತಿ ಬಂದಿದ್ದಳು. ಪಕ್ಕದಲ್ಲಿದ್ದ ಗುಮಾಸ್ತ ಹೇಳಿದ: "ಅವರು ಇಲ್ಲಿಗೆ ಬರಂಗಿಲ್ಲವ್ವ. ಇಲ್ಲಿ ಬ್ಯಾರೆಯವರು ಇರ್ತಾರ." ಆಕೆ ಬಿಡಲಿಲ್ಲ. "ಅವರಿಗೆ ಎಲ್ಲಾ ಗೊತ್ತಿತ್ತಲ್ರೀ. ಇವರಿಗೇನು ಗೊತ್ತಿರ್ತದ?"

ಆಕೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಶಿಕ್ಷೆಯಾದ ಮೇಲೆ ಕೇಸು ಹಿಡಿಯುವ ಸರ್ಕಾರಿ ವಕೀಲ ಆ ಊರು ನೋಡಿರುವುದಿಲ್ಲ, ಸಾಕ್ಷಿ ಕಟಕಟೆಯಲ್ಲಿ ನಿಂತು ನಡುಗಿದ್ದನ್ನೂ ನೋಡಿರುವುದಿಲ್ಲ. ಅವರಿಗೆ ಗೊತ್ತಿರುವುದು ಕಾಗದದ ಮೇಲೆ ಬಂದಷ್ಟೇ. ಈ ಕೆಲಸದ ಕಷ್ಟ, ಜಾಣ್ಮೆ, ಕೆಲವೊಮ್ಮೆ ಅದರ ಅನ್ಯಾಯ ಕೂಡ ಹುಟ್ಟುವುದು ಇಲ್ಲಿಂದಲೇ.

ಮೊದಲು ದಾರಿ ನೋಡೋಣ. ಕವಿತಾಳ ಈಗ ಸಿರವಾರ ತಾಲ್ಲೂಕಿನಲ್ಲಿದೆ, ಮೊದಲು ಮಾನ್ವಿಗೆ ಸೇರಿತ್ತು. ಅಲ್ಲೊಂದು ಕೊಲೆಯಾದರೆ ಎಫ್‌ಐಆರ್ ಆಗುವುದು ಕವಿತಾಳ ಠಾಣೆಯಲ್ಲಿ. ದೋಷಾರೋಪ ಪಟ್ಟಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ, ಅಲ್ಲಿಂದ ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಲ್ಪಡುತ್ತದೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸರ್ಕಾರದ ಪರ ನಿಲ್ಲುವವರು ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು), ಸೆಷನ್ಸ್‌ನಲ್ಲಿ ಪಿಪಿ (ಸರ್ಕಾರಿ ಅಭಿಯೋಜಕರು). ಇಬ್ಬರೂ ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆಯವರು. ಸೆಷನ್ಸ್ ತೀರ್ಪಿನ ಮೇಲಿನ ಅಪೀಲು ಹೈಕೋರ್ಟಿಗೆ. 2008ರ ಜುಲೈವರೆಗೆ ಅದಕ್ಕಾಗಿ ರಾಯಚೂರಿನವರು ಬೆಂಗಳೂರಿಗೇ ಹೋಗಬೇಕಿತ್ತು. ಆ ವರ್ಷ ಧಾರವಾಡ, ಕಲಬುರಗಿಗಳಲ್ಲಿ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಕಾಯಂ ಆದವು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳು ಕಲಬುರಗಿ ಪೀಠಕ್ಕೆ ಸೇರುತ್ತವೆ. 1997ರವರೆಗೆ ರಾಯಚೂರು ಜಿಲ್ಲೆಯೊಳಗೇ ಇದ್ದ ಕೊಪ್ಪಳ ಮಾತ್ರ ಧಾರವಾಡದ ಪಾಲು.

ಹೈಕೋರ್ಟಿನಲ್ಲಿ ಸರ್ಕಾರದ ಕ್ರಿಮಿನಲ್ ಕೇಸುಗಳನ್ನು ನಡೆಸುವುದು ಎಸ್‌ಪಿಪಿ, ಅಂದರೆ ರಾಜ್ಯ ಸರ್ಕಾರಿ ಅಭಿಯೋಜಕರ ಕಚೇರಿ. ಅವರ ಕೆಳಗೆ ಹೆಚ್ಚುವರಿ ಎಸ್‌ಪಿಪಿಗಳು, ಎಚ್‌ಸಿಜಿಪಿಗಳು, ಅಂದರೆ ಹೈಕೋರ್ಟಿನ ಸರ್ಕಾರಿ ವಕೀಲರು. ಹೈಕೋರ್ಟಿನ ಜತೆ ಸಮಾಲೋಚಿಸಿ ಸರ್ಕಾರ ಇವರನ್ನು ನೇಮಿಸಬೇಕು, ಕನಿಷ್ಠ 7 ವರ್ಷ ವಕೀಲಿ ಮಾಡಿರಬೇಕು. ಸರ್ಕಾರ ಬದಲಾದಾಗ ಇಲ್ಲಿ ಹಲವು ಮುಖಗಳೂ ಬದಲಾಗುತ್ತವೆ. ಅರ್ಧ ಓದಿದ ಕಡತ ಇನ್ನೊಬ್ಬರ ಮೇಜಿಗೆ ಹೋಗುತ್ತದೆ, ಅವರು ಮತ್ತೆ ಮೊದಲನೇ ಪುಟದಿಂದ ಶುರು ಮಾಡಬೇಕು. ಈ ವ್ಯವಸ್ಥೆಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ.

ಈಗ ಆ ಮೇಜಿನ ಹತ್ತಿರ ಬರೋಣ. ನಾಳೆ ವಾದವಿದೆ ಎಂದಾದರೆ ಇವತ್ತು ರಾತ್ರಿ ವಕೀಲರ ಮುಂದೆ ಕೆಳಗಿನ ಕೋರ್ಟಿನ ದಾಖಲೆಯ ಕಟ್ಟು ಬಿಚ್ಚಿರುತ್ತದೆ. ಹೊಸಬರು ತೀರ್ಪಿನಿಂದ ಓದಲು ಶುರು ಮಾಡುತ್ತಾರೆ. ಪಳಗಿದವರು ತೀರ್ಪನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಏಕೆಂದರೆ ಅದನ್ನು ಮೊದಲು ಓದಿದರೆ ನ್ಯಾಯಾಧೀಶರ ಕಣ್ಣಿನಿಂದಲೇ ಎಲ್ಲವನ್ನೂ ನೋಡಿದಂತಾಗುತ್ತದೆ. ಅವರು ಮೊದಲು ತೆಗೆಯುವುದು ಫಿರ್ಯಾದಿಯನ್ನು, ಆಮೇಲೆ ಎಫ್‌ಐಆರ್ ಮೇಲೆ ಮ್ಯಾಜಿಸ್ಟ್ರೇಟರು ಬರೆದ ಗಂಟೆಯನ್ನು. ಠಾಣೆಯಲ್ಲಿ ರಾತ್ರಿ ಎಂಟಕ್ಕೆ ದಾಖಲಾದ ಎಫ್‌ಐಆರ್ ಮ್ಯಾಜಿಸ್ಟ್ರೇಟರ ಕೈ ಸೇರಿದ್ದು ಮರುದಿನ ಮಧ್ಯಾಹ್ನವಾಗಿದ್ದರೆ, ಅಷ್ಟು ಹೊತ್ತು ಕಾನ್‌ಸ್ಟೆಬಲ್ ಎಲ್ಲಿದ್ದ ಎಂದು ಎದುರಿನ ವಕೀಲರು ಕೇಳಿಯೇ ಕೇಳುತ್ತಾರೆ. ಬಸ್ಸು ಸಿಗಲಿಲ್ಲ ಎಂಬುದು ನಮ್ಮ ಕಡೆ ನಿಜವಾದ ಉತ್ತರವೇ. ಆದರೆ ಆ ಕಾನ್‌ಸ್ಟೆಬಲ್‌ನನ್ನು ಸಾಕ್ಷಿಯಾಗಿ ಕರೆದು ಅದನ್ನು ಹೇಳಿಸಿರದಿದ್ದರೆ ಕಲಬುರಗಿಯಲ್ಲಿ ಆ ಬಸ್ಸಿನ ಮಾತೇ ಎತ್ತುವಂತಿಲ್ಲ.

ನಂತರ ಸ್ಥಳದ ನಕ್ಷೆ. ಲೋಕೋಪಯೋಗಿ ಇಲಾಖೆಯ ಎಂಜಿನಿಯರು ಬರೆದುಕೊಟ್ಟ ಒಂದು ಹಾಳೆ. ಅಗಸಿ, ಹನುಮಪ್ಪನ ಗುಡಿ, ಹಳ್ಳದ ದಾರಿ, ಹೆಣ ಬಿದ್ದಿದ್ದ ಜಾಗ ಎಲ್ಲವೂ ಇವೆ. ಬೀದಿ ದೀಪದ ಕಂಬ ಇಲ್ಲ. ಸಾಕ್ಷಿ ಮಾತ್ರ "ಕಂಬದ ಬೆಳಕಿನ್ಯಾಗ ನೋಡೀನ್ರಿ" ಎಂದಿದ್ದಾನೆ. ಆ ಹೊತ್ತಿಗೆ ಕರೆಂಟ್ ಇತ್ತೆಂದು ಜೆಸ್ಕಾಂ ಕೊಟ್ಟ ಪತ್ರ ಕಡತದಲ್ಲಿದ್ದರೆ ವಕೀಲರು ನಿಟ್ಟುಸಿರು ಬಿಡುತ್ತಾರೆ. ಇಲ್ಲದಿದ್ದರೆ ಇನ್ನೊಬ್ಬ ಸಾಕ್ಷಿಯ ಹೇಳಿಕೆಯಲ್ಲಿ ಬೆಳಕಿನ ಮಾತು ಎಲ್ಲಾದರೂ ಬಂದಿದೆಯೇ ಎಂದು ಹುಡುಕುತ್ತಾ ಕೂರಬೇಕು.

ಇನ್ನೊಂದು ತೊಡಕು ಭಾಷೆಯದು. ಸಾಕ್ಷ್ಯ ದಾಖಲಾಗಿರುವುದು ಕನ್ನಡದಲ್ಲಿ, ಅದರಲ್ಲೂ ರಾಯಚೂರು ಸೀಮೆಯ ಮಾತಿನಲ್ಲಿ. ಹೈಕೋರ್ಟಿನಲ್ಲಿ ವಾದ ಮತ್ತು ತೀರ್ಪು ಇಂಗ್ಲಿಷಿನಲ್ಲಿ. "ಕಡದ" ಎಂಬ ಒಂದು ಮಾತು ತೆಗೆದುಕೊಳ್ಳಿ. ನಾಯಿ ಕಡಿದರೂ ಕಡಿಯಿತು, ಕೊಡಲಿಯಿಂದ ಕೊಚ್ಚಿದರೂ ಕಡಿಯಿತು. "ಬಡದ" ಅಂದರೆ ಕಪಾಳಕ್ಕೆ ಒಂದು ಕೊಟ್ಟದ್ದೂ ಆಗಬಹುದು, ಬಡಿಗೆಯಿಂದ ತಲೆ ಒಡೆದದ್ದೂ ಆಗಬಹುದು. "ಹೊತ್ತು ಮುಣುಗೋ ವ್ಯಾಳ್ಯಾ" ಎಂದು ಸಾಕ್ಷಿ ಹೇಳಿದ್ದು ಅನುವಾದದಲ್ಲಿ ರಾತ್ರಿಯಾಗಿಬಿಟ್ಟರೆ ಕಣ್ಣಾರೆ ಕಂಡವನ ಕಣ್ಣೇ ಹೋದಂತೆ. "ನಮ್ಮಣ್ಣ" ಎಂದವನು ಒಡಹುಟ್ಟಿದವನೋ, ದೊಡ್ಡಪ್ಪನ ಮಗನೋ, ಬರೀ ಓಣಿಯ ಹಿರಿಯನೋ ಎಂಬುದರ ಮೇಲೆ ಅವನನ್ನು ಹಿತಾಸಕ್ತ ಸಾಕ್ಷಿ ಎನ್ನಬೇಕೋ ಬೇಡವೋ ಎಂಬುದು ನಿಲ್ಲುತ್ತದೆ. ನಮ್ಮ ಭಾಗದ ಮಾತು ಬಲ್ಲ ಸರ್ಕಾರಿ ವಕೀಲರು ಪೀಠದಲ್ಲಿದ್ದರೆ ಎಷ್ಟು ಲಾಭ ಎಂಬುದು ಇಂಥಲ್ಲಿ ತಿಳಿಯುತ್ತದೆ.

ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕುವ ಪಂಚರ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. "ಪೊಲೀಸ್ರು ಸಹಿ ಮಾಡು ಅಂದ್ರು, ಮಾಡೀನಿ" ಎಂದು ಹೇಳಿ ಪ್ರತಿಕೂಲರಾಗುತ್ತಾರೆ. ಆಗ ಕೊಡಲಿ, ರಕ್ತ ಹತ್ತಿದ ಅಂಗಿ ಮುಂತಾದ ಮುದ್ದೆಮಾಲು ಉಳಿಯುವುದು ತನಿಖಾಧಿಕಾರಿಯ ಮಾತು ಮತ್ತು ವಿಧಿವಿಜ್ಞಾನ ಪ್ರಯೋಗಾಲಯದ ವರದಿಯ ಮೇಲೆ. ಕಾನೂನಿನಲ್ಲಿ ಅಷ್ಟೂ ಸಾಕಾಗಬಹುದು, ಆದರೆ ಸೀಲು ಹಾಕಿದ್ದು ಯಾವಾಗ, ಲ್ಯಾಬಿಗೆ ಒಯ್ದವರು ಯಾರು ಎಂಬ ಕೊಂಡಿ ತಪ್ಪಿರಬಾರದು.

ಇಷ್ಟೆಲ್ಲ ಓದುವುದು ಅಂತಿಮ ವಾದಕ್ಕೆ. ಅದಕ್ಕೂ ಮೊದಲು, ಶಿಕ್ಷೆಯಾದ ಕೆಲವೇ ವಾರಗಳಲ್ಲಿ ಬರುವುದು ಶಿಕ್ಷೆ ಅಮಾನತಿನ ಅರ್ಜಿ. ಅಪೀಲು ಮುಗಿಯುವವರೆಗೆ ಜಾಮೀನಿನ ಮೇಲೆ ಹೊರಗೆ ಬಿಡಿ ಎಂಬ ಬೇಡಿಕೆ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧವಾದರೆ, ಸರ್ಕಾರಿ ವಕೀಲರಿಗೆ ಲಿಖಿತವಾಗಿ ಆಕ್ಷೇಪ ಸಲ್ಲಿಸುವ ಅವಕಾಶ ಕೊಡದೆ ಕೋರ್ಟು ಬಿಡುವಂತಿಲ್ಲ. ಹಳೆಯ ಸಿಆರ್‌ಪಿಸಿಯಲ್ಲಿ ಇದು ಕಲಂ 389, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಲಂ 430. ಇದರ ತೂಕ ಏನೆಂದು ನಮ್ಮ ಪಕ್ಕದಲ್ಲೇ ನೋಡಿದ್ದೇವೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದೌರ್ಜನ್ಯಕ್ಕೆ ಕೊಪ್ಪಳದ ಸೆಷನ್ಸ್ ನ್ಯಾಯಾಲಯ 2024ರ ಅಕ್ಟೋಬರ್ 24ರಂದು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ದೇಶವೆಲ್ಲ ಅದರ ಬಗ್ಗೆ ಮಾತಾಡಿತು. ಮುಂದಿನ ತಿಂಗಳೇ ಧಾರವಾಡ ಪೀಠ ಅವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಜಾಮೀನು ಕೊಟ್ಟಿತು. ಊರಿನಲ್ಲಿ ಇದನ್ನು "ಬಿಡುಗಡೆ ಆಯ್ತು" ಎಂದೇ ಅನ್ನುತ್ತಾರೆ. ಬಿಡುಗಡೆ ಬೇರೆ, ಅಮಾನತು ಬೇರೆ. ತೀರ್ಪು ಹಾಗೆಯೇ ಇರುತ್ತದೆ, ಅಪೀಲು ಸೋತರೆ ಮತ್ತೆ ಜೈಲಿಗೆ ಹೋಗಲೇಬೇಕು. ಆದರೆ ಅಪೀಲು ಎಷ್ಟು ವರ್ಷ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ, ಈ ಒಂದು ಆದೇಶವೇ ಊರಿನ ಮಟ್ಟಿಗೆ ಅರ್ಧ ತೀರ್ಪಾಗಿಬಿಡುತ್ತದೆ.

ಅಪೀಲಿನಲ್ಲಿ ಸರ್ಕಾರಿ ವಕೀಲರು ಪ್ರತಿಸಲ ಕೊಲೆಯೋ ಖುಲಾಸೆಯೋ ಎಂದೇ ಹೋರಾಡುವುದಿಲ್ಲ. ಹೆಚ್ಚಿನ ಜಗ್ಗಾಟ ನಡುವಿನದು. ಹೊಲದ ಬದುವಿಗೆ ಜಗಳ, ಕೈಗೆ ಸಿಕ್ಕ ಬಡಿಗೆ, ಒಂದೇ ಏಟು. ಇದು ಕೊಲೆಯೋ, ಕೊಲೆಯಲ್ಲದ ನರಹತ್ಯೆಯೋ? ಹಳೆಯ ಐಪಿಸಿಯ ಭಾಷೆಯಲ್ಲಿ 302 ಹೋಗಿ 304ರ ಎರಡನೇ ಭಾಗ ಬಂದರೆ ಜೀವಾವಧಿ ಇದ್ದದ್ದು ಕೆಲವು ವರ್ಷಕ್ಕೆ ಇಳಿಯುತ್ತದೆ. ವೈದ್ಯರು ಮರಣೋತ್ತರ ವರದಿಯಲ್ಲಿ ಬರೆದ ಗಾಯದ ಉದ್ದ, ಆಳ, ಏಟುಗಳ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತವೆ. ಒಳ್ಳೆಯ ವಕೀಲರು ಇಂಥ ಕಡೆ ಮೊಂಡು ಹಿಡಿಯುವುದಿಲ್ಲ. ಕೈಬಿಡಬೇಕಾದ್ದನ್ನು ತಾವೇ ಬಿಟ್ಟುಕೊಟ್ಟರೆ, ಉಳಿದದ್ದನ್ನು ಪೀಠ ನಂಬುತ್ತದೆ.

ಖುಲಾಸೆಯ ವಿರುದ್ಧದ ಅಪೀಲು ಇನ್ನೂ ಕಷ್ಟ. ಚಂದ್ರಪ್ಪ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಇಡೀ ದೇಶದ ಹೈಕೋರ್ಟುಗಳು ಉಲ್ಲೇಖಿಸುತ್ತವೆ. ಆರೋಪಿ ನಿರಪರಾಧಿ ಎಂಬ ಭಾವನೆ ಮೊದಲೇ ಇರುತ್ತದೆ, ಖುಲಾಸೆಯಾದರೆ ಅದು ಇಮ್ಮಡಿಯಾಗುತ್ತದೆ. ಅದೇ ಸಾಕ್ಷ್ಯದಿಂದ ಎರಡು ಸಮಂಜಸ ತೀರ್ಮಾನಗಳಿಗೆ ಬರಬಹುದಾದರೆ ಕೆಳಗಿನ ಕೋರ್ಟಿನ ಖುಲಾಸೆಯನ್ನು ಕದಲಿಸಬಾರದು. ಸರ್ಕಾರಕ್ಕೆ ಇರುವುದು 90 ದಿನ. ಆ 90 ದಿನಗಳಲ್ಲಿ ತೀರ್ಪಿನ ನಕಲು ಪಡೆಯಬೇಕು, ರಾಯಚೂರಿನ ಪಿಪಿ ಅಭಿಪ್ರಾಯ ಬರೆಯಬೇಕು, ಅದು ಇಲಾಖೆಯ ಮೆಟ್ಟಿಲು ಹತ್ತಬೇಕು, ಸರ್ಕಾರದ ಆದೇಶ ಆಗಬೇಕು, ಆಮೇಲೆ ಎಸ್‌ಪಿಪಿ ಕಚೇರಿ ಅರ್ಜಿ ತಯಾರು ಮಾಡಬೇಕು. ಗಡುವು ದಾಟುತ್ತದೆ. ಜತೆಗೆ ವಿಳಂಬ ಮನ್ನಿಸಿ ಎಂಬ ಅರ್ಜಿ. ಕಡತ ಮೇಜಿನಿಂದ ಮೇಜಿಗೆ ಹೋಗಲು ಹೊತ್ತಾಯಿತು ಎಂಬ ನೆಪಕ್ಕೆ ಸರ್ಕಾರವೆಂದು ವಿಶೇಷ ರಿಯಾಯಿತಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಕೋರ್ಟಿನಲ್ಲಿ ನಿಂತು ಬೈಸಿಕೊಳ್ಳುವವರು ಮಾತ್ರ ಕಡತವನ್ನು ತಡ ಮಾಡಿದವರಲ್ಲ, ಕಪ್ಪು ಕೋಟಿನವರು.

ಸರ್ಕಾರ ಸುಮ್ಮನಿದ್ದರೆ ನೊಂದವರು ಏನು ಮಾಡಬೇಕು? ಇಲ್ಲೂ ದಾರಿ ತೆರೆದದ್ದು ಕರ್ನಾಟಕದ್ದೇ ಒಂದು ಕೇಸು. ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ 2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್, ಖುಲಾಸೆಯ ವಿರುದ್ಧ ಸಂತ್ರಸ್ತರು ಮೇಲ್ಮನವಿ ಹಾಕಲು ಹೈಕೋರ್ಟಿನ ಪೂರ್ವಾನುಮತಿ ಬೇಕಿಲ್ಲ ಎಂದಿತು. ಆರೋಪಿ ಖುಲಾಸೆಯಾದರೆ, ಚಿಕ್ಕ ಅಪರಾಧಕ್ಕೆ ಮಾತ್ರ ಶಿಕ್ಷೆಯಾದರೆ, ಪರಿಹಾರ ಕಡಿಮೆಯಾದರೆ ಸಂತ್ರಸ್ತರೇ ಅಪೀಲು ಹೋಗಬಹುದು. ಶಿಕ್ಷೆಯ ವರ್ಷ ಕಡಿಮೆಯಾಯಿತು ಎಂಬ ಒಂದೇ ದೂರಾದರೆ ಆ ಅಪೀಲು ಸರ್ಕಾರದ್ದೇ.

ಮರಣದಂಡನೆಯಾದರೆ ಅಪರಾಧಿ ಅಪೀಲು ಹಾಕಲಿ ಬಿಡಲಿ, ಕಡತ ತಾನಾಗಿಯೇ ಹೈಕೋರ್ಟಿಗೆ ಬರುತ್ತದೆ, ಅದು ಖಾಯಂ ಮಾಡದೆ ಯಾರನ್ನೂ ಗಲ್ಲಿಗೆ ಹಾಕುವಂತಿಲ್ಲ. ಸಿಂಧನೂರಿನಲ್ಲಿ 2020ರ ಜುಲೈನಲ್ಲಿ ಪ್ರೇಮ ವಿವಾಹದ ದ್ವೇಷಕ್ಕೆ ಒಂದೇ ಮನೆಯ ಐವರ ಕೊಲೆಯಾಯಿತು. 2025ರಲ್ಲಿ ಅಲ್ಲಿನ ನ್ಯಾಯಾಲಯ ಮೂವರಿಗೆ ಮರಣದಂಡನೆ, ಒಂಬತ್ತು ಜನರಿಗೆ ಜೀವಾವಧಿ ವಿಧಿಸಿತು. ಇಂಥ ಕೇಸಿನಲ್ಲಿ ಸರ್ಕಾರಿ ವಕೀಲರು ಅಪರಾಧದ ಕ್ರೌರ್ಯವನ್ನಷ್ಟೇ ಹೇಳಿದರೆ ಸಾಲದು. ಅಪರಾಧಿಯ ಮಾನಸಿಕ ಸ್ಥಿತಿ, ಜೈಲಿನ ನಡತೆ, ಸುಧಾರಿಸುವ ಸಾಧ್ಯತೆ ಇವುಗಳ ಬಗೆಗಿನ ವರದಿಗಳನ್ನು ಸರ್ಕಾರವೇ ಮುಂದಿಡಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ನಿಯಮ ಮಾಡಿದೆ. ಕಂಪ್ಲಿ ಹತ್ತಿರ 2017ರಲ್ಲಿ ಐವರನ್ನು ಕೊಂದವನಿಗೆ ಹೈಕೋರ್ಟ್ ಖಾಯಂ ಮಾಡಿದ್ದ ಗಲ್ಲನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಕೊನೆಯುಸಿರಿನವರೆಗಿನ ಜೈಲಿಗೆ ಇಳಿಸಿತು. ಶಿಕ್ಷೆಯ ಕಡಿತವಿಲ್ಲದ ಈ ಜೀವಾವಧಿ ಎಂಬ ನಡುದಾರಿಯೂ ಕರ್ನಾಟಕದ ಕೇಸಿನಿಂದಲೇ ಬಂದದ್ದು, 2008ರ ಸ್ವಾಮಿ ಶ್ರದ್ಧಾನಂದ ಪ್ರಕರಣದಿಂದ.

ಗಲ್ಲು ಖಾಯಂ ಆದ ಮೇಲೂ ಕೆಲಸ ಮುಗಿಯುವುದಿಲ್ಲ. ಕಲಬುರಗಿ ಸೀಮೆಯ ಸಾಯಿಬಣ್ಣನ ಕೇಸು ಇದಕ್ಕೆ ಸಾಕ್ಷಿ. ಮೊದಲ ಹೆಂಡತಿಯ ಕೊಲೆಗೆ ಜೈಲಿನಲ್ಲಿದ್ದವನು 1994ರಲ್ಲಿ ಪೆರೋಲ್ ಮೇಲೆ ಬಂದಾಗ ಎರಡನೇ ಹೆಂಡತಿಯನ್ನೂ ಮಗಳನ್ನೂ ಕೊಂದ. 2005ರಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ಎತ್ತಿಹಿಡಿಯಿತು. ಆದರೂ 2023ರಲ್ಲಿ ಧಾರವಾಡ ಪೀಠ ಅದನ್ನು ಜೀವಾವಧಿಗೆ ಇಳಿಸಿತು. ಕ್ಷಮಾದಾನದ ಅರ್ಜಿ ತೀರ್ಮಾನಿಸಲು ಸರ್ಕಾರ ವರ್ಷಗಟ್ಟಲೆ ತಡ ಮಾಡಿತ್ತು, ಅವನನ್ನು ಕಾನೂನುಬಾಹಿರವಾಗಿ ಒಂಟಿ ಸೆರೆಯಲ್ಲಿ ಇಟ್ಟಿತ್ತು. ಒಂಟಿ ಸೆರೆಯ ಕಾರಣಕ್ಕೇ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಬ್ಬ ಕೊಲೆ ಅಪರಾಧಿ ಉಮೇಶ್ ರೆಡ್ಡಿಯ ಗಲ್ಲನ್ನೂ ಇಳಿಸಿ, ಕನಿಷ್ಠ 30 ವರ್ಷ ಜೈಲು ಎಂದಿತ್ತು. ಇಬ್ಬರ ಅಪರಾಧದ ಬಗ್ಗೆಯೂ ಯಾರಿಗೂ ಸಂಶಯ ಇರಲಿಲ್ಲ. ಸೋತದ್ದು ಜೈಲಿನ ರಿಜಿಸ್ಟರು ಮತ್ತು ವಿಧಾನಸೌಧದ ಕಡತ. ಅವೆರಡಕ್ಕೂ ಉತ್ತರ ಹೇಳಲು ನಿಲ್ಲಬೇಕಾದವರು ಸರ್ಕಾರದ ವಕೀಲರು.

ಸಾಯಿಬಣ್ಣನ ಹೆಸರು ಪೆರೋಲ್ ಅರ್ಜಿಗಳಲ್ಲೂ ನೆರಳಿನಂತೆ ಬರುತ್ತದೆ. ಜೈಲಿನಲ್ಲಿರುವವನು ಬಿತ್ತನೆಗೋ ತಂಗಿಯ ಮದುವೆಗೋ ಪೆರೋಲ್ ಕೇಳಿದರೆ ಅವನ ಊರಿನ ಠಾಣೆ ವರದಿ ಕೊಡಬೇಕು. "ಬಿಟ್ಟರೆ ಗ್ರಾಮದಲ್ಲಿ ಶಾಂತಿಭಂಗ ಉಂಟಾಗುವ ಸಂಭವವಿದೆ" ಎಂಬ ಸಾಲು ಅದರಲ್ಲಿ ಸಿದ್ಧವಾಗಿರುತ್ತದೆ. ಯಾರ ಮನೆಗೆ ಹೋಗಿ ಕೇಳಿದಿರಿ, ಯಾರು ಹೆದರಿದ್ದಾರೆ ಎಂಬುದು ಇರುವುದಿಲ್ಲ. ಅರ್ಜಿ ತಿರಸ್ಕಾರವಾಗಿ ಹೈಕೋರ್ಟಿಗೆ ಬಂದಾಗ ಆ ಒಂದು ಸಾಲು ಹಿಡಿದು ವಾದ ಮಾಡಬೇಕಾದ ಪಾಡು ಅಲ್ಲಿನ ಸರ್ಕಾರಿ ವಕೀಲರದು. ಕೋರ್ಟು ಈಚೆಗೆ ಅಷ್ಟಕ್ಕೆ ಒಪ್ಪುವುದಿಲ್ಲ. 2023ರಲ್ಲಿ ಕೊಲೆ ಅಪರಾಧಿಯೊಬ್ಬನಿಗೆ ತನ್ನ ಮದುವೆಗೆಂದೇ 15 ದಿನ ಪೆರೋಲ್ ಕೊಟ್ಟಿದೆ.

ಶಿಕ್ಷೆಯೇ ತಪ್ಪಾಗಿದ್ದರೆ? ಅಮೆರಿಕದ ಡಲ್ಲಾಸ್‌ನಲ್ಲಿ 2007ರಲ್ಲಿ ಸರ್ಕಾರಿ ವಕೀಲರ ಕಚೇರಿಯೇ ಹಳೆಯ ಶಿಕ್ಷೆಗಳನ್ನು ಮತ್ತೆ ಪರೀಕ್ಷಿಸುವ ಘಟಕ ತೆರೆಯಿತು. ಅಂಥದ್ದು ನಮ್ಮ ಕಾಯ್ದೆಯಲ್ಲಿಲ್ಲ. ಅಪೀಲಿನಲ್ಲಿ ಹೆಚ್ಚುವರಿ ಸಾಕ್ಷ್ಯ ತೆಗೆದುಕೊಳ್ಳುವ ಅಧಿಕಾರ ಕೋರ್ಟಿಗಿದೆ, ಅದನ್ನು ಕೇಳುವ ಮನಸ್ಸು ವಕೀಲರಿಗೆ ಇರಬೇಕು ಅಷ್ಟೆ. ಹೆಂಡತಿಯನ್ನು ಕೊಂದನೆಂದು ಕೊಡಗಿನವನೊಬ್ಬ ಜೈಲು ಸೇರಿ, ಮೈಸೂರಿನಲ್ಲಿ ವಿಚಾರಣೆ ಎದುರಿಸುತ್ತಿದ್ದ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲಿನಲ್ಲಿ ಜೀವಂತ ಸಿಕ್ಕಳು. ತೀರ್ಪಿಗೆ ಮೊದಲೇ ಸಿಕ್ಕಳು ಎಂಬುದು ಅವನ ಪುಣ್ಯ. ತೀರ್ಪಾದ ಮೇಲೆ ಸಿಕ್ಕಿದ್ದರೆ, "ಸ್ವಾಮಿ, ಸರ್ಕಾರದಿಂದ ತಪ್ಪಾಗಿದೆ" ಎಂದು ಹೈಕೋರ್ಟಿನಲ್ಲಿ ಎದ್ದು ಹೇಳಬೇಕಾದ ಕೆಲಸ ಸರ್ಕಾರಿ ವಕೀಲರದೇ ಆಗಿರುತ್ತಿತ್ತು. ಅವರು ಪೊಲೀಸರ ವಕೀಲರಲ್ಲ, ಸತ್ತವನ ಮನೆಯವರ ವಕೀಲರೂ ಅಲ್ಲ.

ಇದನ್ನು ಗೇಟಿನಲ್ಲಿದ್ದ ಆ ತಾಯಿಗೆ ಹೇಳುವುದು ಸುಲಭವಲ್ಲ. ಆದರೆ ಆಕೆ ಮಾಡಬಹುದಾದ ಕೆಲಸಗಳಿವೆ. ಕ್ರಿಮಿನಲ್ ಅಪೀಲಿನ ನಂಬರು ಬರೆದುಕೊಂಡು ಎಸ್‌ಪಿಪಿ ಕಚೇರಿಗೆ ಹೋಗಿ ಯಾರ ಹೆಸರಿಗೆ ಕಡತ ಬಂದಿದೆ ಎಂದು ಕೇಳಬಹುದು. ಬೆದರಿಕೆ ಬಂದಿದ್ದರೆ, ಅದರ ದೂರಿನ ಪ್ರತಿ ಇದ್ದರೆ ಜಾಮೀನು ಅರ್ಜಿಯ ವಿಚಾರಣೆಗೆ ಮೊದಲೇ ಅವರ ಕೈಗೆ ಮುಟ್ಟಿಸಬೇಕು, ಆಮೇಲೆ ಕೊಟ್ಟು ಪ್ರಯೋಜನವಿಲ್ಲ. ಸರ್ಕಾರಿ ವಕೀಲರಿಗೆ ಫೀಸು ಕೊಡಬೇಕಿಲ್ಲ, ಕೊಡಿಸುತ್ತೇನೆ ಎಂದು ಬಂದವನಿಗೂ ಕೊಡಬಾರದು. ಪರಿಶಿಷ್ಟರ ಮೇಲಿನ ದೌರ್ಜನ್ಯದ ಕೇಸಾದರೆ ಜಾಮೀನಿನ ವಿಚಾರಣೆಯಲ್ಲಿ ನೊಂದವರ ಮಾತು ಕೇಳುವುದು ಕೋರ್ಟಿನ ಕರ್ತವ್ಯ.

ಆಚೆ ಮನೆಯವರಿಗೂ ಒಂದು ಮಾತು. ಶಿಕ್ಷೆಯಾದವನಿಗೆ ತೀರ್ಪಿನ ಒಂದು ಪ್ರತಿ ಪುಕ್ಕಟೆ ಸಿಗಬೇಕು. ಹೈಕೋರ್ಟಿಗೆ ಅಪೀಲು ಹೋಗಲು 60 ದಿನ, ಗಲ್ಲಾದರೆ 30 ದಿನ. ವಕೀಲರನ್ನು ಹಿಡಿಯಲು ಹಣವಿಲ್ಲದಿದ್ದರೆ ಜೈಲಿನ ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಜೈಲಿನಲ್ಲಿರುವ ಯಾರಿಗೇ ಆದರೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆ ಹೇಳುತ್ತದೆ. ರಾಯಚೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಕೊಲೆಯಾದವನ ತಾಯಿಗೂ, ಕೊಲೆ ಮಾಡಿದವನ ತಾಯಿಗೂ ಅದೇ ನಂಬರು.